ಬೂದಿ ಮೋಡದ ಕೆಳಗೆ ಐದು ರಾತ್ರಿ

ಹೊರದೇಶದಲ್ಲಿ ಒಬ್ಬ ಮಗನೋ ಮಗಳೋ ಇರುವ ಮನೆಗಳು ಮುಡುಕುತೊರೆಯ ಸುತ್ತಲಿನ ಊರುಗಳಲ್ಲಿ ಈಗ ಅಪರೂಪವಲ್ಲ. ನಂಜನಗೂಡು, ನರಸೀಪುರ ಸೀಮೆಯ ಹಿರಿಯರು ಮಗಳ ಬಾಣಂತನಕ್ಕೆಂದೋ ಮೊಮ್ಮಗುವಿನ ಲಿಂಗಧಾರಣೆಗೆಂದೋ ವಿಮಾನ ಹತ್ತುತ್ತಾರೆ. ಹೊರಡುವ ಮೊದಲು, ಹೋಗಿ ಬಂದವರನ್ನು ಕರೆದು ಕೂರಿಸಿಕೊಂಡು, ಅಲ್ಲಿ ಎಷ್ಟು ಚಳಿ, ಯಾವ ಪುಡಿ ಒಯ್ಯಬಹುದು, ಉಪ್ಪಿನಕಾಯಿಗೆ ತಕರಾರಿದೆಯೇ ಎಂದು ವಿಚಾರಿಸುತ್ತಾರೆ. ನಡುದಾರಿಯಲ್ಲಿ ವಿಮಾನವೇ ನಿಂತುಹೋದರೆ ಏನು ಗತಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಹೊರಡುವ ಹೊತ್ತಿನಲ್ಲಿ ಅಂಥ ಮಾತು ಬೇಡವೆಂಬ ಸಂಕೋಚವಿರಬೇಕು. ಆ ಸಂಕೋಚವನ್ನು ಬದಿಗಿಟ್ಟು, ನಮಗೆ ಒದಗಿದ್ದನ್ನು ಶರಣ ಬಂಧುಗಳ ಮುಂದೆ ಇಡುತ್ತಿದ್ದೇವೆ. ನಡೆದು ವರ್ಷಗಳೇ ಕಳೆದಿವೆ. ಆದರೂ ನೆರೆಹೊರೆಯಲ್ಲಿ ಯಾರಾದರೂ ಪ್ರಯಾಣಕ್ಕೆ ಪೆಟ್ಟಿಗೆ ಕಟ್ಟತೊಡಗಿದರೆ ನಮಗೆ ಅದೆಲ್ಲವೂ ಹೊಸದಾಗಿಯೇ ನೆನಪಾಗುತ್ತದೆ.

ನಾವು ದಂಪತಿಗಳು 2010ರ ಜನವರಿಯಲ್ಲಿ ಮಗಳ ಬಾಣಂತನಕ್ಕಾಗಿ ಅಮೆರಿಕೆಗೆ ಹೋಗಿದ್ದೆವು. ಆ ವರ್ಷದ ನಮ್ಮೂರ ಮಲ್ಲಿಕಾರ್ಜುನಸ್ವಾಮಿಯ ಜಾತ್ರೆ, ತೇರು, ದನಗಳ ಪರಿಷೆ ಯಾವುದನ್ನೂ ನೋಡಲಾಗಲಿಲ್ಲ. ಮೂರು ತಿಂಗಳು ಕಳೆದು ಏಪ್ರಿಲ್ 15ರ ಗುರುವಾರ ಅಲ್ಲಿಂದ ಹೊರಟೆವು. ವಿಕೃತಿ ಸಂವತ್ಸರದ ಅಧಿಕ ವೈಶಾಖ ಅಂದೇ ಮೊದಲಾಗಿತ್ತು. ಶುಕ್ರವಾರ ಬೆಳಿಗ್ಗೆ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ವಿಮಾನ ಬದಲಿಸಿ, ಅಂದೇ ನಡುರಾತ್ರಿಯ ಸುಮಾರಿಗೆ ದೇವನಹಳ್ಳಿಯಲ್ಲಿ ಇಳಿಯಬೇಕಾಗಿತ್ತು. ಮುಂದಿನ ಸೋಮವಾರ, ಎಂದರೆ 19ನೆಯ ತಾರೀಖು, ಲಿಂಗೈಕ್ಯರಾದ ನಮ್ಮ ತಂದೆಯವರ ಮೊದಲ ವರ್ಷದ ಪುಣ್ಯಸ್ಮರಣೆ. ಹಿರಿಯ ಮಗ ಸೊಸೆಯರಾದ ನಾವು ಮುಂದೆ ನಿಂತು ಗದ್ದುಗೆಯ ಪೂಜೆ, ಜಂಗಮರ ಪಾದಪೂಜೆ, ದಾಸೋಹ ನಡೆಸಬೇಕು. ಜಂಗಮರಿಗೆ ಹೊದಿಸಲೆಂದು ಮಗಳು ಐದು ಉಣ್ಣೆಯ ಶಾಲುಗಳನ್ನು ಕೊಡಿಸಿ ದೊಡ್ಡ ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದಳು. ನಡುವೆ ಎರಡು ದಿನದ ಬಿಡುವಿದ್ದುದರಿಂದ ಕಾರ್ಯಕ್ಕೆ ತಲಪುವ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ.

ನಾವು ಹೊರಟ ಹಿಂದಿನ ದಿನ, ಏಪ್ರಿಲ್ 14ರಂದು, ಐಸ್‌ಲೆಂಡಿನ ಎಯ್ಯಾಫ್ಯಾಟ್ಲಯೋಕುಟ್ಲ್ ಎಂಬ ಜ್ವಾಲಾಮುಖಿಯ ನೆತ್ತಿ ಬಿರಿಯಿತು. (ಆ ಹೆಸರನ್ನು ಹೇಳಲು ಟೆಲಿವಿಷನ್ನಿನವರೂ ಆ ವಾರವೆಲ್ಲ ತಡವರಿಸಿದರು.) ಅದರ ಮೇಲೆ ದಪ್ಪನಾದ ಹಿಮದ ಹಾಸು ಇದೆ. ಕುದಿಯುವ ಕಲ್ಲಿನ ರಸಕ್ಕೆ ಕರಗಿದ ಹಿಮದ ನೀರು ತಗಲಿದಾಗ ಅದು ಸಿಡಿದು ನುಣ್ಣನೆಯ ಪುಡಿಯಾಗಿ ಆಕಾಶಕ್ಕೇರುತ್ತದೆ. ಅಂದು ಬೀಸುತ್ತಿದ್ದ ಗಾಳಿ ಆ ಪುಡಿಯನ್ನು ನೇರವಾಗಿ ಯೂರೋಪಿನ ಮೇಲೆ ತಂದಿತು. ಬೂದಿ ಎಂದು ಎಲ್ಲರೂ ಕರೆದರೂ ಅದು ನಮ್ಮ ಒಲೆಯ ಬೂದಿಯಲ್ಲ, ಕಲ್ಲು ಮತ್ತು ಗಾಜಿನ ಹುಡಿ. ವಿಮಾನದ ಎಂಜಿನ್ನಿನ ಒಳಗಿನ ಉರಿ ಎಷ್ಟು ತೀವ್ರವೆಂದರೆ, ಒಳಹೊಕ್ಕ ಆ ಹುಡಿ ಕರಗಿ ಪಾಕವಾಗಿ, ಮುಂದಿನ ಭಾಗಗಳಿಗೆ ಅಂಟಿ, ಗಾಳಿಯ ದಾರಿಯನ್ನೇ ಮುಚ್ಚಿಬಿಡುತ್ತದೆ. 1982ರ ಜೂನ್ 24ರಂದು ಲಂಡನ್ನಿನಿಂದ ಮುಂಬಯಿ, ಮದರಾಸುಗಳ ಮೇಲಾಗಿ ಆಸ್ಟ್ರೇಲಿಯದ ಕಡೆಗೆ ಹೊರಟಿದ್ದ ಬ್ರಿಟನ್ನಿನ ವಿಮಾನವೊಂದು ಜಾವಾ ದ್ವೀಪದ ಮೇಲೆ ಇಂಥದೇ ಮೋಡವನ್ನು ಹೊಕ್ಕು, ಅದರ ನಾಲ್ಕು ಎಂಜಿನ್ನುಗಳೂ ನಿಂತುಹೋಗಿದ್ದವು. ತೇಲುತ್ತ ಕೆಳಗಿಳಿದು ಮೋಡದಿಂದ ಹೊರಬಂದ ಮೇಲೆ ಎಂಜಿನ್ನುಗಳು ಮತ್ತೆ ಹತ್ತಿಕೊಂಡವು. ಅದು ಜಕಾರ್ತದಲ್ಲಿ ಇಳಿಯಿತು, ಎಲ್ಲರೂ ಉಳಿದರು. ಆ ಅನುಭವವಿದ್ದುದರಿಂದಲೇ 2010ರಲ್ಲಿ ಅಧಿಕಾರಿಗಳು ಒಂದೊಂದಾಗಿ ದೇಶಗಳ ಆಕಾಶವನ್ನು ಮುಚ್ಚುತ್ತ ಬಂದರು. ಒಂದು ವಾರದಲ್ಲಿ ಸುಮಾರು ಒಂದು ಲಕ್ಷ ಹಾರಾಟಗಳು ರದ್ದಾದವು. ದಾರಿ ತಪ್ಪಿದ ಪ್ರಯಾಣಿಕರು ಕೋಟಿಯ ಹತ್ತಿರ.

ಇದಾವುದೂ ನಮಗೆ ಆಗ ತಿಳಿದಿರಲಿಲ್ಲ. ಶುಕ್ರವಾರ ಮುಂಜಾನೆ ನಮ್ಮ ವಿಮಾನ ಫ್ರಾಂಕ್‌ಫರ್ಟಿನಲ್ಲಿ ಇಳಿಯಿತು. ಆ ಬೆಳಿಗ್ಗೆಯೇ ಆ ನಿಲ್ದಾಣವನ್ನೂ ಮುಚ್ಚಿದರು. ಗೋಡೆಯ ಮೇಲಿನ ದೊಡ್ಡ ಹಲಗೆಯಲ್ಲಿ ಬೆಂಗಳೂರಿನ ಸಾಲಿನ ಮುಂದೆ ರದ್ದು ಎಂಬ ಪದ ಕಾಣಿಸಿತು. ಮೇಲೆ ನೋಡಿದರೆ ಅದೇ, ಕೆಳಗೆ ನೋಡಿದರೂ ಅದೇ. ಕಾರಣ ಬೂದಿ ಎಂದು ಕೇಳಿದಾಗ ನಮ್ಮ ಮನೆಯವರು ತಮ್ಮ ಹಣೆಯನ್ನು ಮುಟ್ಟಿಕೊಂಡು, "ನಾವು ಧರಿಸೋ ಭಸ್ಮ ದಾರಿ ತೋರಿಸುತ್ತೆ ಅಂತಾರೆ, ಇದೇನು ದಾರಿಯನ್ನೇ ಕಟ್ಟಿತಲ್ಲ ಶಿವನೇ" ಎಂದರು. ಆಗ ನಗು ಬಂದಿತು. ಮಧ್ಯಾಹ್ನದ ವೇಳೆಗೆ ನಗು ಉಳಿಯಲಿಲ್ಲ.

ವಿಮಾನ ಸಂಸ್ಥೆಯ ಕಟ್ಟೆಯ ಮುಂದಿನ ಸಾಲಿನಲ್ಲಿ ಐದು ಗಂಟೆ ನಿಂತೆವು. ನಮ್ಮ ಹಿಂದೆ ಹುಬ್ಬಳ್ಳಿಯ ಕಡೆಯ ಒಬ್ಬ ತರುಣ ಎಂಜಿನಿಯರ್ ಇದ್ದನು. ಕನ್ನಡ ಕೇಳಿ ಹತ್ತಿರ ಬಂದು, "ಕಾಕಾರ, ಮುಂದ ಹೋದಾಗ ಅವರು ಎರಡು ಮಾತು ಕೇಳತಾರ. ಟಿಕೇಟಿನ ರೊಕ್ಕ ವಾಪಸ್ ತಗೋತೀರೇನು, ಇಲ್ಲಾ ಬ್ಯಾರೆ ವಿಮಾನ ಬೇಕೇನು ಅಂತ. ರೊಕ್ಕ ಅನಬ್ಯಾಡ್ರಿ" ಎಂದನು. ಆ ಒಂದು ಮಾತಿನ ಬೆಲೆಯನ್ನು ನಾವು ಮುಂದೆ ಅರಿತೆವು. ಹಣ ಹಿಂದಿರುಗಿಸುತ್ತೇವೆಂದರೆ ಬೇಡವೆನ್ನಲು ಯಾರಿಗೂ ಮನಸ್ಸಾಗುವುದಿಲ್ಲ. ಆದರೆ ಹಣ ಪಡೆದ ಕ್ಷಣಕ್ಕೆ ಆ ಸಂಸ್ಥೆಗೂ ನಮಗೂ ಇದ್ದ ಒಪ್ಪಂದ ಮುಗಿಯುತ್ತದೆ. ನಮ್ಮನ್ನು ಊರಿಗೆ ಮುಟ್ಟಿಸುವ ಹೊಣೆ ಅವರ ಹೆಗಲಿನಿಂದ ಇಳಿಯುತ್ತದೆ. ಆಕಾಶ ತೆರೆದ ದಿನ ಹೊಸ ಟಿಕೆಟ್ಟನ್ನು ಅಂದಿನ ದರಕ್ಕೆ ನಾವೇ ಕೊಳ್ಳಬೇಕು. ಟಿಕೆಟ್ಟನ್ನು ಉಳಿಸಿಕೊಂಡು ಬೇರೆ ಮಾರ್ಗ ಕೇಳಿದರೆ, ಎಷ್ಟೇ ಸುತ್ತಾದರೂ ಕೊನೆಯ ಊರಿನವರೆಗೆ ಕರೆದೊಯ್ಯುವುದು ಅವರ ಕರ್ತವ್ಯವಾಗಿಯೇ ಉಳಿಯುತ್ತದೆ. ಸಾಲಿನಲ್ಲಿ ನಮಗಿಂತ ಮುಂದಿದ್ದ ಹಲವರು ಹಣ ಕೇಳಿ ಬರೆಸಿಕೊಂಡರು. ನಾವು ಊರು ಬೇಕೆಂದೆವು.

ಕಟ್ಟೆಯ ಹಿಂದಿದ್ದ ಹುಡುಗಿಗೆ ಇಪ್ಪತ್ತೈದರ ಪ್ರಾಯವಿರಬಹುದು. ಬೆಳಗಿನಿಂದ ಬೈಗುಳ ಕೇಳಿ ಕೇಳಿ ಅವಳ ಕಣ್ಣು ಕೆಂಪಾಗಿದ್ದವು. ನಮಗೆ ಬೈಯಬೇಕೆನಿಸಲಿಲ್ಲ. ಅದಕ್ಕೆ ಕಾರಣ ನಮ್ಮ ಸಾತ್ವಿಕತೆಯಲ್ಲ, ನಮ್ಮ ಹೊಳೆ. ಕಾವೇರಿ ನಮ್ಮ ಊರಿನ ಬಳಿ ಮುಡುಕಿಕೊಂಡು, ಎಂದರೆ ಬಾಗಿ ತಿರುಗಿ ಹರಿಯುತ್ತಾಳೆ. ಊರಿಗೆ ಆ ಹೆಸರು ಬಂದುದೇ ಅದರಿಂದ ಎನ್ನುತ್ತಾರೆ. ನಮ್ಮ ಬಾಲ್ಯದಲ್ಲಿ ಆಷಾಢದ ಹೊಳೆ ತುಂಬಿ ಬಂದರೆ ಅಂಬಿಗನು ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕಿ ಬೀಡಿ ಹಚ್ಚುತ್ತಿದ್ದನು. ಆಚೆ ದಡದಲ್ಲಿ ಮದುವೆಯಿರಲಿ, ಸಾವೇ ಇರಲಿ, ಅವನನ್ನು ಯಾರೂ ಬೈಯುತ್ತಿರಲಿಲ್ಲ. ಮುಳುಗಿಸುವ ಅಂಬಿಗನಿಗಿಂತ ನಿಲ್ಲಿಸುವ ಅಂಬಿಗ ಮೇಲು ಎಂಬುದು ಹೊಳೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ.

ಆದರೆ ಹೊಳೆಯ ದಡಕ್ಕೂ ಆ ನಿಲ್ದಾಣಕ್ಕೂ ಒಂದು ದೊಡ್ಡ ಅಂತರವಿತ್ತು. ದಡದಲ್ಲಿ ಕಾಯಲಾಗದವರು ಹತ್ತಿರದ ನೆಂಟರ ಮನೆಗೆ ಹೋಗಬಹುದು. ನಮಗೆ ಬಾಗಿಲಿನಾಚೆ ಕಾಲಿಡುವ ಹಾಗಿರಲಿಲ್ಲ. ಫ್ರಾಂಕ್‌ಫರ್ಟಿನಲ್ಲಿ ವಿಮಾನ ಬದಲಿಸಲು ನಮ್ಮ ಕಾಗದಪತ್ರಗಳು ಸಾಕಾಗಿದ್ದವು. ಜರ್ಮನಿಯ ನೆಲವನ್ನು ಪ್ರವೇಶಿಸಲು ಶೆಂಗೆನ್ ವೀಸಾ ಬೇಕು, ಅದು ನಮ್ಮಲ್ಲಿರಲಿಲ್ಲ. ಯೂರೋಪಿನ ಪಾಸ್‌ಪೋರ್ಟ್ ಉಳ್ಳವರು ಹೊರಗೆ ಹೋಗಿ ಹೋಟೆಲು ಸೇರಿದರು. ಕೆಲವರು ರೈಲು, ಬಸ್ಸು ಹಿಡಿದು, ಇನ್ನೂ ವಿಮಾನಗಳು ಏಳುತ್ತಿದ್ದ ದಕ್ಷಿಣದ ಊರುಗಳ ಕಡೆ ನಡೆದರು. ಭಾರತ, ಪಾಕಿಸ್ತಾನ, ಆಫ್ರಿಕದ ದೇಶಗಳವರಾದ ನಾವು ನೂರಾರು ಮಂದಿ ಒಳಗೇ ಉಳಿದೆವು. ಅಮೆರಿಕೆಯನ್ನು ಬಿಟ್ಟಾಗಿತ್ತು, ಭಾರತವನ್ನು ಸೇರಿರಲಿಲ್ಲ, ಕಾಲ ಕೆಳಗಿದ್ದ ದೇಶಕ್ಕೆ ನಾವು ಬಂದೇ ಇರಲಿಲ್ಲ. ಕಿಟಕಿಯ ಗಾಜಿನಾಚೆ ಮೋಡವಿಲ್ಲದ ನೀಲಿ ಆಕಾಶ. ಎಷ್ಟು ನೋಡಿದರೂ ಆ ಬೂದಿ ಕಣ್ಣಿಗೆ ಕಾಣುತ್ತಿರಲಿಲ್ಲ.

ಸಂಜೆಯ ಹೊತ್ತಿಗೆ ನಿಲ್ದಾಣದವರು ಮಡಿಸುವ ಮಂಚಗಳನ್ನೂ ಹೊದಿಕೆಗಳನ್ನೂ ತಂದು ಸಾಲಾಗಿ ಹಾಸಿದರು. ವಿಮಾನ ಸಂಸ್ಥೆಯವರು ಊಟದ ಚೀಟಿ ಕೊಟ್ಟರು. ಆ ಚೀಟಿಗೆ ನಮ್ಮಂಥ ಶಾಕಾಹಾರಿಗಳಿಗೆ ಸಿಗುತ್ತಿದ್ದುದು ಬ್ರೆಡ್ಡು, ಹಣ್ಣು, ಬೇಯಿಸದ ಸೊಪ್ಪು, ಮೊಸರು. ಕೈಚೀಲದಲ್ಲಿ ಮಗಳು ಕಟ್ಟಿಕೊಟ್ಟಿದ್ದ ಪುಳಿಯೋಗರೆ, ಚಪಾತಿ, ಒಂದು ಡಬ್ಬಿ ಚಟ್ನಿಪುಡಿ, ನಿಪ್ಪಟ್ಟು ಇದ್ದವು. ಪಕ್ಕದ ಮಂಚದಲ್ಲಿ ಪಂಜಾಬಿನ ಒಬ್ಬ ಅಜ್ಜಿ, ಆಚೆಗೆ ಎರಡು ಎಳೆಯ ಮಕ್ಕಳೊಂದಿಗೆ ಒಬ್ಬ ಮಲಯಾಳಿ ತಾಯಿ. ಪುಳಿಯೋಗರೆ ಮೊದಲ ರಾತ್ರಿಯೇ ನಾಲ್ಕು ಪಾಲಾಯಿತು. ಮರುದಿನ ಅಜ್ಜಿಯ ಚೀಲದಿಂದ ಬೆಲ್ಲ, ಹುರಿದ ಕಡಲೆ ಹೊರಬಂದವು. ಚಟ್ನಿಪುಡಿ ಮಾತ್ರ ಐದು ದಿನವೂ ಬಂದಿತು; ಬ್ರೆಡ್ಡಿಗೆ ಅದನ್ನು ಸವರಿ ತಿನ್ನಲು ಕಲಿತ ಹುಬ್ಬಳ್ಳಿಯ ಹುಡುಗ ತಮ್ಮ ಕಡೆಯ ಶೇಂಗಾ ಹಿಂಡಿಯೇ ಇದಕ್ಕಿಂತ ರುಚಿ ಎಂದು ವಾದಿಸುವುದನ್ನು ಬಿಡಲಿಲ್ಲ.

ಇಷ್ಟಲಿಂಗ ಪೂಜೆಯ ವಿಷಯವನ್ನು ಹಲವರು ನಮ್ಮನ್ನು ಕೇಳಿದ್ದಾರೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಮೈಮೇಲಿನ ಲೋಹವನ್ನೆಲ್ಲ ತಟ್ಟೆಗೆ ಹಾಕಬೇಕೆನ್ನುತ್ತಾರೆ. ಲಿಂಗವನ್ನು ಅಂಗದಿಂದ ಅಗಲಿಸಬಾರದೆಂಬುದು ನಮ್ಮ ನಿಷ್ಠೆ. ಬೆಳ್ಳಿಯ ಕರಡಿಗೆಯಾದರೆ ಯಂತ್ರ ಕೂಗದೆ ಇರುವುದಿಲ್ಲ. ನಾವು ಮಾಡುತ್ತಿದ್ದುದು ಇಷ್ಟೆ. ಯಂತ್ರ ಕೂಗುವ ಮೊದಲೇ ಅಧಿಕಾರಿಯ ಬಳಿ ನಿಂತು, ಕರಡಿಗೆಯನ್ನು ಎಡಗೈಯಲ್ಲಿ ಹಿಡಿದು ತೋರಿಸಿ, ಇದು ನಮ್ಮ ದೇವರು, ಕೈಯಲ್ಲಿಯೇ ಇಟ್ಟುಕೊಂಡು ಪರೀಕ್ಷೆ ಮಾಡಿಸುತ್ತೇವೆ ಎಂದು ವಿನಯದಿಂದ ಹೇಳುವುದು. ಅವರು ಕೈಯಲ್ಲಿ ಹಿಡಿವ ಯಂತ್ರವನ್ನು ಆಡಿಸಿ, ಒಂದು ಬಟ್ಟೆಯ ತುಂಡಿನಿಂದ ಕರಡಿಗೆಯ ಮೇಲೆ ಒರೆಸಿ ನೋಡಿ ಬಿಟ್ಟರು. ಎಲ್ಲೆಡೆಯೂ ಹೀಗೆಯೇ ಆಗುತ್ತದೆಂದು ನಾವು ಹೇಳಲಾರೆವು. ಮೊದಲೇ ಹೇಳಿದವರಿಗೆ ಕಿರುಕುಳ ಕಡಿಮೆ ಎಂಬುದನ್ನಂತೂ ಕಂಡೆವು. ವಿಭೂತಿಯ ಗಟ್ಟಿಯನ್ನು ಕಾಣುವಂಥ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದೆವು. ನೂರು ಮಿಲಿಲೀಟರಿಗಿಂತ ದೊಡ್ಡ ನೀರಿನ ಸೀಸೆಯನ್ನು ತಪಾಸಣೆಯ ಆಚೆಗೆ ಬಿಡದ ಕಾರಣ ಅಭಿಷೇಕದ ನೀರನ್ನು ಒಳಗೇ ಕೊಂಡೆವು. ಪ್ರಾರ್ಥನೆಗೆಂದು ಮೀಸಲಿಟ್ಟ ಕೋಣೆಯೊಂದಿತ್ತು. ಬೆಳಗಿನ ಐದು ಗಂಟೆಗೆ ಅಲ್ಲಿ ಯಾರೂ ಇರುತ್ತಿರಲಿಲ್ಲ. ಪತ್ರೆಯಿಲ್ಲ, ಹೂವಿಲ್ಲ, ಧೂಪ ಹಚ್ಚುವಂತಿಲ್ಲ. ನೀರು, ಭಸ್ಮ, ದೃಷ್ಟಿ ಇಷ್ಟರಲ್ಲಿ ಪೂಜೆ ಮುಗಿಯುತ್ತಿತ್ತು. ಮನೆಯಲ್ಲಿ ನಿತ್ಯವೂ ಅಡುಗೆಮನೆಯ ಸದ್ದಿಗೆ, ಬಾಗಿಲಿಗೆ ಬಂದವರ ಕರೆಗೆ ಕಿವಿಗೊಟ್ಟೇ ಪೂಜೆಗೆ ಕೂರುವ ನಮಗೆ ಅಷ್ಟು ನಿಶ್ಶಬ್ದದ ಪೂಜೆ ಹಿಂದೆಂದೂ ದೊರೆತಿರಲಿಲ್ಲವೆಂಬುದು ನಿಜ.

ಭಾನುವಾರ ಎರಡು ಸಂಗತಿಗಳು ನಡೆದವು. ಒಂದು, ಮಾತ್ರೆ ಮುಗಿಯುತ್ತ ಬಂದಿತು. ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ. ಎರಡು ದಿನದ ಪ್ರಯಾಣಕ್ಕೆಂದು ನಾಲ್ಕು ದಿನದ ಮಾತ್ರೆಗಳನ್ನು ಕೈಚೀಲದಲ್ಲಿ ಇಟ್ಟುಕೊಂಡಿದ್ದರು. ಉಳಿದವು ದೊಡ್ಡ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ವಿಮಾನದವರ ವಶದಲ್ಲಿ. ಸಾವಿರಾರು ಪೆಟ್ಟಿಗೆಗಳ ನಡುವಿನಿಂದ ಅದನ್ನು ತೆಗೆಸುವುದು ಆಗದ ಮಾತೆಂದರು. ನಿಲ್ದಾಣದ ವೈದ್ಯರ ಬಳಿಗೆ ಹೋದಾಗ ಮೈಸೂರಿನ ಔಷಧಿ ಅಂಗಡಿಯ ಖಾಲಿ ಪಟ್ಟಿಯನ್ನು ತೋರಿಸಿದೆವು. ಅದರ ಮೇಲೆ ದೊಡ್ಡದಾಗಿ ಅಚ್ಚಾಗಿದ್ದ ಹೆಸರನ್ನು ಅವರು ಕೇಳಿಯೇ ಇರಲಿಲ್ಲ. ಅದೇ ಪಟ್ಟಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಮೆಟ್‌ಫಾರ್ಮಿನ್ ಎಂದಿತ್ತು. ಅದನ್ನು ಓದಿದೊಡನೆ ವೈದ್ಯರ ಮುಖ ಅರಳಿತು. ಅದು ಎಲ್ಲ ದೇಶಗಳಲ್ಲಿಯೂ ಸಿಗುವ ಔಷಧಿ. ಅರ್ಧ ಗಂಟೆಯಲ್ಲಿ ಮಾತ್ರೆ ಕೈಗೆ ಬಂದಿತು. ಅಂದಿನಿಂದ ನಾವು ಹೋದಲ್ಲೆಲ್ಲ, ಔಷಧಿಗಳ ಮೂಲ ಹೆಸರು ಮತ್ತು ಪ್ರಮಾಣವನ್ನು ವೈದ್ಯರಿಂದ ಇಂಗ್ಲಿಷಿನಲ್ಲಿ ಬರೆಸಿ ಪಾಸ್‌ಪೋರ್ಟಿನ ಜೊತೆಯಲ್ಲಿ ಇಡುತ್ತೇವೆ. ಮಾತ್ರೆಯಂತೂ ಹದಿನೈದು ದಿನದ್ದು ಕೈಚೀಲದಲ್ಲಿಯೇ ಇರುತ್ತದೆ.

ಇನ್ನೊಂದನ್ನು ಟೆಲಿವಿಷನ್ನಿನಲ್ಲಿ ನೋಡಿದೆವು. ಪೋಲೆಂಡಿನ ಅಧ್ಯಕ್ಷ ಲೆಖ್ ಕಾಚಿನ್ಸ್ಕಿ ಏಪ್ರಿಲ್ 10ರಂದು ವಿಮಾನ ಅಪಘಾತದಲ್ಲಿ ಪತ್ನೀಸಮೇತರಾಗಿ ತೀರಿಕೊಂಡಿದ್ದರು. ಭಾನುವಾರ 18ರಂದು ಕ್ರಾಕೋವ್ ನಗರದಲ್ಲಿ ಅವರ ಅಂತ್ಯಕ್ರಿಯೆ. ಅಮೆರಿಕದ ಅಧ್ಯಕ್ಷ ಒಬಾಮ ಅವರಿಗೂ ಬರಲಾಗಲಿಲ್ಲ. ಜರ್ಮನಿಯ ಚಾನ್ಸಲರ್ ಅಂಗೇಲಾ ಮರ್ಕೆಲ್ ಅವರು ಅಮೆರಿಕೆಯಿಂದ ಹಿಂದಿರುಗುವಾಗ ಲಿಸ್ಬನ್ನಿನಲ್ಲಿ ಇಳಿದು, ರೋಮಿಗೆ ಹಾರಿ, ಅಲ್ಲಿಂದ ನೆಲದ ದಾರಿಯಲ್ಲಿ ಸ್ವದೇಶ ಸೇರಿದರೆಂದು ತೋರಿಸಿದರು. ತಮ್ಮ ದೇಶದ ಆಕಾಶಕ್ಕೆ ಒಡೆಯರಾದವರಿಗೇ ಹೀಗಾದ ಮೇಲೆ ನಮ್ಮದೇನು ಎಂದುಕೊಂಡೆವಾದರೂ, ಮರುದಿನದ ಸೋಮವಾರವನ್ನು ನೆನೆದು ಆ ರಾತ್ರಿ ನಿದ್ದೆ ಬರಲಿಲ್ಲ.

ಊರಿನಲ್ಲಿ ಆಗಲೇ ಮಾತು ಎದ್ದಿತ್ತು. ನಮ್ಮ ಚಿಕ್ಕಪ್ಪನವರು ಹಳೆಯ ಕಾಲದವರು. ಹಿರಿಯ ಮಗನಿಲ್ಲದೆ ಪಾದಪೂಜೆ ಹೇಗೆ, ಮೇಲಾಗಿ ಅಧಿಕ ಮಾಸ ಬೇರೆ ಬಂದಿದೆ, ಒಂದು ತಿಂಗಳು ಮುಂದಕ್ಕೆ ಹಾಕಿದರೆ ಎರಡೂ ಸರಿಹೋಗುತ್ತದೆ ಎಂಬುದು ಅವರ ವಾದ. ನಮ್ಮ ತಮ್ಮನಿಗೆ ಇಬ್ಬಗೆ. ಕಾರ್ಡು ಹಾಕುವ ಫೋನಿನಲ್ಲಿ ಸಿಕ್ಕಿದಾಗ, "ಅಣ್ಣಾ, ಐನೂರು ಜನಕ್ಕೆ ಹೇಳ್ಬುಟ್ಟಿದೀವಿ, ಸೌದೆ ಬಂದದೆ, ಪಾತ್ರೆ ಬಂದದೆ, ಏನ್ ಮಾಡನ ಹೇಳಿ" ಎಂದನು. ನಾವು ಎಷ್ಟು ದಿನದಲ್ಲಿ ಬರುತ್ತೇವೆಂದು ನಮಗೇ ತಿಳಿಯದಿದ್ದಾಗ ಏನೆಂದು ಹೇಳುವುದು? ಬುದ್ಧಿಯವರನ್ನು ಕೇಳು, ಅವರು ಅಪ್ಪಣೆ ಕೊಡಿಸಿದಂತೆ ನಡೆಯಲಿ ಎಂದೆವು. ವಾರ, ತಿಥಿ, ಮಾಸಗಳ ಭಯವನ್ನು ಬಿಡಿಸಿದವರು ನಮ್ಮ ಶರಣರು. ಆದರೂ ಮನೆಯಲ್ಲಿ ಕಾರ್ಯವೆಂದರೆ ಆ ಭಯ ಹಿಂಬಾಗಿಲಿನಿಂದ ಬಂದು ಕೂರುತ್ತದೆ. ಚಿಕ್ಕಪ್ಪನವರೊಬ್ಬರನ್ನೇ ದೂರಿ ಪ್ರಯೋಜನವಿಲ್ಲ.

ಮಠದ ಬುದ್ಧಿಯವರ ಅಪ್ಪಣೆ ರಾತ್ರಿಯೇ ತಿಳಿಯಿತು. ದಾಸೋಹಕ್ಕೆ ಕರೆದ ಮೇಲೆ ಒಲೆ ಹಚ್ಚದಿರುವುದು ಬೇಡ. ಕಿರಿಯ ಮಗ ಪಾದಪೂಜೆ ಮಾಡಲಿ. ಹಿರಿಯರು ಎಲ್ಲಿದ್ದಾರೋ ಅಲ್ಲಿಯೇ ಅದೇ ಹೊತ್ತಿಗೆ ಲಿಂಗಪೂಜೆಗೆ ಕೂರಲಿ. ನಮ್ಮ ಗಡಿಯಾರ ಜರ್ಮನಿಯದಕ್ಕಿಂತ ಆಗ ಮೂರೂವರೆ ಗಂಟೆ ಮುಂದೆ. ಊರಿನಲ್ಲಿ ಹತ್ತೂವರೆಗೆ ಪೂಜೆ, ನಮಗೆ ಏಳು ಗಂಟೆ. ಪ್ರಾರ್ಥನೆಯ ಕೋಣೆಗೆ ನಾವಿಬ್ಬರೂ ಹೊರಟಾಗ ಪಂಜಾಬಿನ ಅಜ್ಜಿಯೂ ಹುಬ್ಬಳ್ಳಿಯ ಹುಡುಗನೂ ಕೇಳದೆಯೇ ಹಿಂದೆ ಬಂದರು. ಆ ಹುಡುಗನ ಕೊರಳಲ್ಲಿಯೂ ಲಿಂಗವಿತ್ತೆಂಬುದು ನಮಗೆ ತಿಳಿದದ್ದು ಅಂದೇ. ಪೂಜೆ ಮುಗಿದ ಮೇಲೆ ಅಜ್ಜಿ ತನ್ನ ಚೀಲದ ಕೊನೆಯ ಬೆಲ್ಲದ ಅಚ್ಚನ್ನು ಮುರಿದು ನಮ್ಮ ಕೈಗಿತ್ತಳು. ಯಾರ ಪುಣ್ಯಸ್ಮರಣೆ, ಏನು ಪದ್ಧತಿ ಎಂದು ಆಕೆ ಕೇಳಲಿಲ್ಲ. ಕೇಳಿದ್ದರೆ ವಿವರಿಸಲು ನಮಗೆ ಹಿಂದಿಯೂ ಸಾಲದು. ಎಂಟು ಗಂಟೆಗೆ ಫೋನು ಮಾಡಿದಾಗ ಆ ಕಡೆಯಿಂದ ಮಂಗಳಾರತಿಯ ಗಂಟೆ, ಜನರ ಗದ್ದಲ, ಯಾರೋ ಸಾರು ಕೇಳುತ್ತಿರುವುದು ಎಲ್ಲ ಒಟ್ಟಾಗಿ ಕೇಳಿಸಿದವು. ತಮ್ಮನಿಗೆ ಮಾತು ಹೊರಡಲಿಲ್ಲ. ಚಿಕ್ಕಪ್ಪನವರು ಫೋನು ತೆಗೆದುಕೊಂಡು, "ಎಲ್ಲಾ ಸಾಂಗವಾಗಿ ಆಯ್ತು ಕಣಪ್ಪ, ನೀವು ಊಟ ಮಾಡುದ್ರಾ?" ಎಂದರು.

ಅಂದು ಕೆಲವು ವಿಮಾನಗಳು ಎದ್ದವು. ಮಂಗಳವಾರ ಮತ್ತಷ್ಟು. ಬುಧವಾರ 21ರಂದು ಜರ್ಮನಿಯ ಆಕಾಶ ಪೂರ್ತಿ ತೆರೆಯಿತು. ಆದರೆ ಆಕಾಶ ತೆರೆದ ಮಾತ್ರಕ್ಕೆ ಎಲ್ಲರೂ ಹೊರಡುವ ಹಾಗಿಲ್ಲ. ಐದು ದಿನದ ಜನ ಬಾಕಿ. ಅಂದಿನ ವಿಮಾನಗಳಲ್ಲಿ ಅಂದಿನ ಟಿಕೆಟ್ಟಿನವರು ಮೊದಲೇ ಕುಳಿತಿರುತ್ತಾರೆ. ಬೆಂಗಳೂರಿನ ನೇರ ವಿಮಾನದಲ್ಲಿ ನಮಗೆ ಸ್ಥಳ ಸಿಗಲು ಇನ್ನೂ ನಾಲ್ಕು ದಿನವೆಂದರು. ಇತ್ತ ನಾವು ಸಾಲಿನಲ್ಲಿ ನಿಂತಿದ್ದಾಗಲೇ ಅತ್ತ ಅಮೆರಿಕೆಯಲ್ಲಿ ಮಗಳು ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡು ಅದೇ ಸಂಸ್ಥೆಗೆ ಫೋನು ಹಿಡಿದು ಗಂಟೆಗಟ್ಟಲೆ ಕಾದಿದ್ದಳು. ಬೆಂಗಳೂರೇ ಬೇಕೆಂದು ಹಟ ಹಿಡಿಯದೆ, ಭಾರತದ ಯಾವ ಊರಾದರೂ ಸರಿ, ಅಲ್ಲಿಂದ ಮುಂದಕ್ಕೂ ಇದೇ ಟಿಕೆಟ್ಟಿನಲ್ಲಿ ಸೇರಿಸಿ ಕೊಡಿ ಎಂದು ಅವಳು ಕೇಳಿದ್ದರಿಂದ ಮುಂಬಯಿಯ ವಿಮಾನದಲ್ಲಿ ಎರಡು ಸ್ಥಳ ದೊರೆತವು. ಮುಂದಕ್ಕೂ ಇದೇ ಟಿಕೆಟ್ಟಿನಲ್ಲಿ ಎಂಬುದು ಇಲ್ಲಿ ಮುಖ್ಯ. ಬೇರೆಯಾಗಿ ಕೊಂಡಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಯಾರೂ ಹೊಣೆಯಾಗುವುದಿಲ್ಲ.

ಮುಂಬಯಿಯಲ್ಲಿ ಇಳಿದವರು ಅಲ್ಲಿಯೇ ಪೆಟ್ಟಿಗೆಗಳನ್ನು ತೆಗೆದುಕೊಂಡು, ಸುಂಕದವರ ಮುಂದೆ ಹಾದು, ಒಳನಾಡಿನ ವಿಮಾನಕ್ಕೆ 'ಮತ್ತೆ' ಒಪ್ಪಿಸಬೇಕು. ಪೆಟ್ಟಿಗೆಯ ಚೀಟಿಯಲ್ಲಿ ಬೆಂಗಳೂರೆಂದು ಬರೆದಿದ್ದರೂ, ದೇಶದೊಳಗೆ ಕಾಲಿಟ್ಟ ಮೊದಲ ಊರಿನಲ್ಲಿ ಇದು ಆಗಲೇಬೇಕು. ತಿಳಿಯದೆ ಹಾಗೆಯೇ ಮುಂದೆ ನಡೆದ ಒಬ್ಬಿಬ್ಬರನ್ನು ನಾವೇ ಕೂಗಿ ಕರೆದೆವು. ಆಗ ಅಲ್ಲಿ ಹೊರದೇಶದ ನಿಲ್ದಾಣ ಸಹಾರಿನಲ್ಲಿ, ಒಳನಾಡಿನದು ಸಾಂತಾಕ್ರೂಜಿನಲ್ಲಿ, ನಡುವೆ ಬಸ್ಸು. ನಮ್ಮ ಸಣ್ಣ ಪೆಟ್ಟಿಗೆ ಬಂದಿತು, ದೊಡ್ಡದು ಬರಲಿಲ್ಲ. ಬರಲಿಲ್ಲವೆಂಬುದನ್ನು ನಿಲ್ದಾಣ ಬಿಡುವ ಮೊದಲೇ ಲಿಖಿತವಾಗಿ ದಾಖಲಿಸಿ, ನಂಬರು ಪಡೆದೆವು.

ಹಿಂದಿರುಗಿದ ಮೇಲೆ ಓದಿ ತಿಳಿದ ಒಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಯೂರೋಪಿನ ಒಕ್ಕೂಟದಲ್ಲಿ 261/2004 ಎಂಬ ನಿಯಮ 2005ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಅಲ್ಲಿಯ ನಿಲ್ದಾಣದಿಂದ ಹೊರಡುವ ಯಾವ ದೇಶದ ವಿಮಾನವಾದರೂ, ರದ್ದಾದಾಗ ಹಣ ಬೇಕೋ ಬೇರೆ ಮಾರ್ಗ ಬೇಕೋ ಎಂದು ಆರಿಸುವ ಹಕ್ಕು ಪ್ರಯಾಣಿಕನದು. ಕಾಯುವಷ್ಟು ಕಾಲ ಊಟ, ವಸತಿ, ಮನೆಗೆ ಸುದ್ದಿ ಮುಟ್ಟಿಸುವ ಅನುಕೂಲ ಸಂಸ್ಥೆಯದು. ಜ್ವಾಲಾಮುಖಿಯಂಥ ಕೈಮೀರಿದ ಕಾರಣವಿದ್ದರೆ ನಷ್ಟಪರಿಹಾರದ ಹಣ ಮಾತ್ರ ಸಿಗದು. ಅದೇ ಬೂದಿ ಮೋಡದಿಂದ ಪೋರ್ಚುಗಲ್ಲಿನಲ್ಲಿ ಸಿಕ್ಕಿಬಿದ್ದ ಐರ್ಲೆಂಡಿನ ಮಹಿಳೆಯೊಬ್ಬರು ತಮ್ಮ ಊಟ ವಸತಿಯ ಖರ್ಚಿಗಾಗಿ ನ್ಯಾಯಾಲಯಕ್ಕೆ ಹೋದರು. ಇಷ್ಟು ದೊಡ್ಡ ಉತ್ಪಾತಕ್ಕೆ ಈ ಹೊಣೆಯೂ ಅನ್ವಯಿಸದೆಂದು ಆ ಸಂಸ್ಥೆ ವಾದಿಸಿತು. 2013ರ ಜನವರಿಯಲ್ಲಿ ಯೂರೋಪಿನ ಉಚ್ಚ ನ್ಯಾಯಾಲಯ ಆಕೆಯ ಪರವಾಗಿ ತೀರ್ಪಿತ್ತಿತು. ನಮ್ಮ ದೇಶದಲ್ಲಿಯೂ 2010ರ ಆಗಸ್ಟಿನಲ್ಲಿ ನಾಗರಿಕ ವಿಮಾನಯಾನ ನಿರ್ದೇಶನಾಲಯವು ವಿಮಾನ ರದ್ದಾದಾಗ ಪ್ರಯಾಣಿಕರಿಗೆ ಕೊಡಬೇಕಾದ ಅನುಕೂಲಗಳ ಬಗ್ಗೆ ನಿಯಮ ಹೊರಡಿಸಿತು. ಕಾರಣಗಳು ಬೇರೆ ಬೇರೆಯಾಗಿ ಬರುತ್ತಲೇ ಇವೆ. 2025ರ ಮಾರ್ಚ್ 21ರಂದು ವಿದ್ಯುತ್ ಕೇಂದ್ರವೊಂದಕ್ಕೆ ಬೆಂಕಿ ಬಿದ್ದು ಲಂಡನ್ನಿನ ಹೀಥ್ರೋ ನಿಲ್ದಾಣ ಒಂದು ಹಗಲೆಲ್ಲ ಮುಚ್ಚಿತು. ಅದೇ ವರ್ಷದ ಜೂನ್ 23ರ ಸಂಜೆ ಯುದ್ಧದ ಭಯದಿಂದ ಕತಾರಿನ ಆಕಾಶ ಕೆಲವು ಗಂಟೆ ಮುಚ್ಚಿತು. ಆ ರಾತ್ರಿ ನಮ್ಮ ಬೀದಿಯ ಒಬ್ಬ ಹುಡುಗ ದೋಹಾದಲ್ಲಿದ್ದನು. ಅವನ ತಾಯಿ ಅಳುತ್ತ ನಮ್ಮ ಮನೆಗೆ ಬಂದಾಗ ನಾವು ಹೇಳಿದ ಮೊದಲ ಮಾತು ಹುಬ್ಬಳ್ಳಿಯ ಹುಡುಗನದೇ: ಹಣ ವಾಪಸ್ಸು ಕೇಳಬೇಡವೆಂದು ಹೇಳಿ ತಾಯಿ.

ಗುರುವಾರ ಮಧ್ಯಾಹ್ನ ಮುಡುಕುತೊರೆ ಸೇರಿದೆವು. ಕೈಕಾಲು ತೊಳೆದು ನೇರವಾಗಿ ತೋಟಕ್ಕೆ, ತಂದೆಯವರ ಗದ್ದುಗೆಗೆ ಹೋದೆವು. ಸೋಮವಾರದ ಹೂವುಗಳು ಬಾಡಿ ಇನ್ನೂ ಅಲ್ಲಿಯೇ ಇದ್ದವು. ಚಿಕ್ಕಪ್ಪನವರು ಹಿಂದೆಯೇ ಬಂದು, ಬಾಳೆಲೆಯಲ್ಲಿ ಕಟ್ಟಿದ್ದ ಬೂಂದಿಯ ಉಂಡೆಗಳನ್ನು ಕೊಟ್ಟರು. ಅಂದು ನಮ್ಮಿಬ್ಬರ ಪಾಲನ್ನು ತೆಗೆದಿಟ್ಟಿದ್ದರಂತೆ, ಅವು ಕಲ್ಲಾಗಿದ್ದವು.

ದೊಡ್ಡ ಪೆಟ್ಟಿಗೆ ಹನ್ನೊಂದು ದಿನ ತಡವಾಗಿ ಮನೆ ಬಾಗಿಲಿಗೆ ಬಂದಿತು. ಅದರ ಹಿಡಿಕೆ ಮುರಿದಿತ್ತು, ಶಾಲುಗಳು ಮಡಿಕೆ ಕೆಡದೆ ಇದ್ದವು. ಅಧಿಕ ಮಾಸ ಕಳೆದು ಮೇ 16ರ ಬಸವ ಜಯಂತಿಯ ದಿನ ಆ ಐವರು ಜಂಗಮರನ್ನು ಮನೆಗೆ ಬಿಜಯಂಗೈಸಿಕೊಂಡು ಅವನ್ನು ಹೊದಿಸಿದೆವು. ಬೇಸಗೆಯ ಆ ಧಗೆಯಲ್ಲಿ ಉಣ್ಣೆಯ ಶಾಲು ಹೊದ್ದು ಕುಳಿತ ಅವರಿಗೆ ನಮ್ಮ ತಮ್ಮ ಬೀಸಣಿಗೆ ಹಿಡಿದು ಗಾಳಿ ಬೀಸಿದನು.